ನಾಲ್ಕು ಮೆಟ್ಟಿಲಿನ ಲೆಕ್ಕ

ಈಚೆಗೆ ಒಂದು ಭಾನುವಾರ ನಮ್ಮೂರು ಸಿಂಗಟಗೆರೆಯಲ್ಲಿ ಪೋಲಿಯೊ ಹನಿ ಹಾಕುವ ದಿನ. ಬೆಂಗಳೂರಿನಿಂದ ಮಗಳು ಇಬ್ಬರು ಮಕ್ಕಳನ್ನೂ ಕರೆದುಕೊಂಡು ಊರಿಗೆ ಬಂದಿದ್ದಳು. ದೊಡ್ಡವಳು ಐದನೇ ತರಗತಿ. ಚಿಕ್ಕವನಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ನಾವೆಲ್ಲ ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಅಜ್ಜಿ ಚಿಕ್ಕವನನ್ನು ಕಂಕುಳಿಗೇರಿಸಿಕೊಂಡು ಹೋಗಿ, ಎರಡು ಹನಿ ಹಾಕಿಸಿಕೊಂಡು ಬಂದೇಬಿಟ್ಟಿದ್ದಳು. ಅವನ ಎಡಗೈ ಕಿರುಬೆರಳಿನ ಮೇಲೆ ಕಪ್ಪು ಮಸಿ.

ಮೊಮ್ಮಗಳು ಆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, “ತಾತ, ಪಾಪು ಓಟು ಹಾಕಿ ಬಂದ್ನಾ?” ಅಂದಳು.

ಎಲ್ಲರೂ ನಕ್ಕೆವು. “ಓಟಿನ ಮಸಿ ಅಲ್ಲ ಕಣೇ ಅದು, ಪೋಲಿಯೊ ಹನಿ ಹಾಕಿಸಿದ್ದಕ್ಕೆ ಗುರುತು” ಎಂದಳು ಅಜ್ಜಿ. ಮೊಮ್ಮಗಳ ಮುಂದಿನ ಪ್ರಶ್ನೆ ಆಗಲೇ ಸಿದ್ಧವಾಗಿತ್ತು. “ಪೋಲಿಯೊ ಅಂದ್ರೆ ಹೇಗಿರುತ್ತೆ? ನೀನು ನೋಡಿದ್ದೀಯಾ ತಾತ?”

ಮೊಮ್ಮಕ್ಕಳೇ, ಆ ಪ್ರಶ್ನೆ ಕೇಳಿ ನನಗೆ ಮೊದಲು ಆದದ್ದು ಸಂತೋಷ. ಹತ್ತು ವರ್ಷದ ಹುಡುಗಿ ಪೋಲಿಯೊ ಅಂದರೆ ಏನು ಎಂದು ಕೇಳುತ್ತಾಳೆ ಎಂದರೆ, ಅವಳ ಸುತ್ತಮುತ್ತ ಆ ಕಾಯಿಲೆ ಇಲ್ಲ ಎಂದೇ ಅರ್ಥ. ನಿಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಯಾವ ಮಗುವೂ ಹೀಗೆ ಕೇಳುತ್ತಿರಲಿಲ್ಲ. ಊರಿಗೆ ಒಬ್ಬರೋ ಇಬ್ಬರೋ ಇದ್ದೇ ಇರುತ್ತಿದ್ದರು. ನಿನ್ನೆ ಆಡಿಕೊಂಡಿದ್ದ ಮಗುವಿಗೆ ರಾತ್ರಿ ಜ್ವರ ಬರುತ್ತಿತ್ತು. ಜ್ವರ ಬಿಟ್ಟಮೇಲೆ ನೋಡಿದರೆ ಒಂದು ಕಾಲೋ ಎರಡು ಕಾಲೋ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಹಿರಿಯರು “ಗ್ರಹಚಾರ” ಎನ್ನುತ್ತಿದ್ದರು. ಯಾರದೋ ದೃಷ್ಟಿ, ಯಾರದೋ ಶಾಪ ಎಂದು ಹರಕೆ ಹೊರುತ್ತಿದ್ದರು.

ಗ್ರಹಚಾರವೂ ಅಲ್ಲ, ಶಾಪವೂ ಅಲ್ಲ. ಪೋಲಿಯೊ ಒಂದು ವೈರಾಣುವಿನಿಂದ ಬರುವ ರೋಗ. ಕೊಳೆತಾಗಿದ ನೀರು, ಆಹಾರ, ತೊಳೆಯದ ಕೈ ಇವುಗಳಿಂದ ಬಾಯಿಯ ಮೂಲಕ ಹೊಟ್ಟೆಗೆ ಹೋಗುತ್ತದೆ. ಕರುಳಿನಲ್ಲಿ ಬೆಳೆಯುತ್ತದೆ. ಬಹಳ ಮಕ್ಕಳಿಗೆ ಏನೂ ಆಗದೆ ಹಾಗೇ ಕಳೆದುಹೋಗುತ್ತದೆ. ಆದರೆ ವೈರಾಣು ತಗುಲಿದ ಸುಮಾರು 200 ಮಕ್ಕಳಲ್ಲಿ ಒಂದು ಮಗುವಿಗೆ ಅದು ಬೆನ್ನುಹುರಿಯ ನರಗಳನ್ನು ಹಾಳು ಮಾಡುತ್ತದೆ. “ಎತ್ತು ಕಾಲು” ಎಂದು ಮೆದುಳು ಹೇಳಿದ್ದನ್ನು ಕಾಲಿಗೆ ಮುಟ್ಟಿಸುವ ನರಗಳು ಅವು. ಮುಟ್ಟಿದರೆ ಕಾಲಿಗೆ ಗೊತ್ತಾಗುತ್ತದೆ, ಚಿವುಟಿದರೆ ನೋಯುತ್ತದೆ, ಎತ್ತಲು ಮಾತ್ರ ಆಗುವುದಿಲ್ಲ. ಹಾಳಾದ ನರ ಮತ್ತೆ ಬರುವುದಿಲ್ಲ. ಅದಕ್ಕೇ ಬರುವ ಮೊದಲೇ ತಡೆಯಬೇಕು.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಮನೆ ಮನೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ಸಂತೆ, ಜಾತ್ರೆ ಎಲ್ಲೂ ಬಿಡದೆ ಹನಿ ಹಾಕಿದರು. ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಪುಟ್ಟ ಹುಡುಗಿಯಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದ ನಮ್ಮ ಇಡೀ ವಲಯವನ್ನು ಪೋಲಿಯೊ ಮುಕ್ತ ಎಂದು ಸಾರಿತು. ಆ ಕಿರುಬೆರಳ ಮಸಿಯ ಹಿಂದೆ ಇಷ್ಟು ಕೆಲಸವಿದೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಆದರೆ “ನೀನು ನೋಡಿದ್ದೀಯಾ” ಎಂದು ಕೇಳಿದ್ದಳಲ್ಲ, ಅದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಒಬ್ಬ ಹುಡುಗ ನೆನಪಾಗಿದ್ದ. ಅವನ ವಿಷಯ ನಾನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥ ಕೆಲಸ ನಾನು ಮಾಡಿರಲಿಲ್ಲ.

1980ರ ದಶಕದ ನಡುವಿನ ಮಾತು. ನಾನಾಗ ಬಯಲುಸೀಮೆಯ ಒಂದು ಪೇಟೆಯ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಹಳೆಯ ಕಟ್ಟಡ, ರಸ್ತೆಯಿಂದ ಎತ್ತರದ ಜಗುಲಿ, ಜಗುಲಿಗೆ ನಾಲ್ಕು ಮೆಟ್ಟಿಲು. ಸಂತೆಯ ದಿನ ಕಾಲಿಡಲು ಜಾಗವಿರುತ್ತಿರಲಿಲ್ಲ. ಸಂತೆಯಲ್ಲಿ ಹುಣಿಸೆಹಣ್ಣು ಮಾರುತ್ತಿದ್ದ ಒಬ್ಬ ತಾಯಿ, ಮಗನನ್ನು ಬೆನ್ನ ಮೇಲೆ ಹೊತ್ತು ಬಸ್ಸಿಳಿದು ಬರುತ್ತಿದ್ದಳು. ಹುಡುಗನಿಗೆ ಹನ್ನೆರಡು ಹದಿಮೂರು ವರ್ಷ. ಪೋಲಿಯೊದಿಂದ ಎರಡು ಕಾಲೂ ಹೋಗಿದ್ದವು. ಅವನನ್ನು ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ ಅವಳು ಒಳಗೆ ಬರುತ್ತಿದ್ದಳು.

ಅವಳಿಗೆ ಓದು ಬಾರದು. ಹೆಬ್ಬೆಟ್ಟು. ಹುಡುಗ ಮಾತ್ರ ಚೆನ್ನಾಗಿ ಬರೆಯುತ್ತಿದ್ದ. ಮನೆಯಲ್ಲೇ ಅಕ್ಕನ ಪುಸ್ತಕ ನೋಡಿ ಕಲಿತದ್ದಂತೆ. ದುಡ್ಡು ಕಟ್ಟುವ ಚಲನ್, ತೆಗೆಯುವ ಸ್ಲಿಪ್ ಎರಡನ್ನೂ ಅವನೇ ಮೆಟ್ಟಿಲ ಮೇಲೆ ಕೂತು ತುಂಬುತ್ತಿದ್ದ. ನಮ್ಮ ಕೌಂಟರಿನ ಪೆನ್ನಿಗೆ ದಾರ ಕಟ್ಟಿರುತ್ತಿತ್ತು. ಆ ದಾರ ಮೆಟ್ಟಿಲವರೆಗೆ ಎಲ್ಲಿ ಬರಬೇಕು? ನಾನು ನನ್ನ ಜೇಬಿನ ಪೆನ್ನು ಕೊಡುತ್ತಿದ್ದೆ. ಬರಬರುತ್ತ ಬೇರೆ ಹಳ್ಳಿಯವರೂ ಅವನ ಹತ್ತಿರ ಬರೆಸಿಕೊಳ್ಳತೊಡಗಿದರು. ಅಂಕಿಯಲ್ಲೂ ಅಕ್ಷರದಲ್ಲೂ ಒಂದು ತಪ್ಪಿಲ್ಲ. ಹತ್ತಾರು ಜನರ ಖಾತೆ ನಂಬರು ಅವನಿಗೆ ಬಾಯಿಪಾಠ. ನಮ್ಮ ಶಾಖೆಯಲ್ಲಿ ಅವನಿಗಿಂತ ಕಾಗುಣಿತ ತಪ್ಪು ಮಾಡುವ ಗುಮಾಸ್ತರು ಇದ್ದರು. ಅದರಲ್ಲಿ ನಾನೂ ಒಬ್ಬ.

ಜನ ಹೆಚ್ಚಿದ್ದ ದಿನ ನಾನೇ ಕೆಳಗಿಳಿದು ಹೋಗಿ ಅವನ ಕೈಯಿಂದ ಚೀಟಿಗಳನ್ನು ತರುತ್ತಿದ್ದೆ. ನೋಡಿದವರು “ಒಳ್ಳೆ ಮನುಷ್ಯ” ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು.

ಒಂದು ದಿನ ಚೀಟಿ ಕೊಡುತ್ತ ಅವನು ಕೇಳಿದ: “ಸಾರ್, ಒಳಗೆ ಹೆಂಗೈತೆ ಸಾರ್?”

ನನಗೆ ಅರ್ಥವಾಗಲಿಲ್ಲ. “ಎಲ್ಲಿ ಒಳಗೆ?”

“ಬ್ಯಾಂಕಿನ ಒಳಗೆ.”

ಒಂದು ವರ್ಷಕ್ಕೂ ಮೇಲಾಗಿತ್ತು ಅವನು ಬರಲು ಶುರುಮಾಡಿ. ಬ್ಯಾಂಕಿನ ಎಲ್ಲ ಚೀಟಿಯೂ ಅವನಿಗೆ ಗೊತ್ತು. ಬ್ಯಾಂಕನ್ನು ಅವನು ನೋಡಿರಲಿಲ್ಲ. ಅಲ್ಲೇ ನಿಂತು ಹೇಳಿದೆ: ಎರಡು ಕೌಂಟರ್ ಇದೆ, ಕ್ಯಾಷಿಯರಿಗೆ ಸುತ್ತ ತಂತಿಯ ಜಾಲರಿ ಇದೆ, ಗೋಡೆ ಗಡಿಯಾರ ಇದೆ, ಮ್ಯಾನೇಜರ ಕೋಣೆಗೆ ಹಸಿರು ಪರದೆ ಇದೆ. ಕಣ್ಣು ಮಿಟುಕಿಸದೆ ಕೇಳಿದ. “ದುಡ್ಡು ಎಲ್ಲಿ ಇಡ್ತೀರಾ ಸಾರ್?” ಅಂದ. ಅಷ್ಟರಲ್ಲಿ ಕೌಂಟರಿನಿಂದ ಯಾರೋ ಕೂಗಿದರು. ಹೋದೆ.

ನಾಲ್ಕೇ ಮೆಟ್ಟಿಲು. ನಾನು, ಜವಾನ ಇಬ್ಬರು ಹಿಡಿದರೆ ಎರಡು ನಿಮಿಷದ ಕೆಲಸ. ಆ ದಿನ ಅದು ಹೊಳೆಯಲಿಲ್ಲ. ಆಮೇಲೂ ಹೊಳೆಯಲಿಲ್ಲ. ಮೆಟ್ಟಿಲ ಪಕ್ಕಕ್ಕೆ ಒಂದು ಇಳಿಜಾರು ಕಟ್ಟಿಸಿ ಎಂದು ಮೇಲಿನವರಿಗೆ ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ದಿನಕ್ಕೆ ಇಪ್ಪತ್ತು ಕಾಗದ ಬರೆಯುವ ಗುಮಾಸ್ತ ನಾನು. ಮುಂದಿನ ವರ್ಷ ನನಗೆ ವರ್ಗವಾಯಿತು. ಆ ಹುಡುಗನನ್ನು ಮತ್ತೆ ನೋಡಲಿಲ್ಲ.

ಇದಾಗಿ ಎಷ್ಟೋ ವರ್ಷಗಳ ಮೇಲೆ ಒಂದು ದಿನ ಪತ್ರಿಕೆಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬ ಹೆಣ್ಣುಮಗಳ ಚಿತ್ರ ನೋಡಿದೆ. ಕ್ರೀಡಾಪಟು ಮಾಲತಿ ಕೃಷ್ಣಮೂರ್ತಿ ಹೊಳ್ಳ. ಕೆಳಗೆ ಬರೆದದ್ದನ್ನು ಓದಿ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ. ವೃತ್ತಿ: ಬ್ಯಾಂಕ್ ಉದ್ಯೋಗಿ. ಸಿಂಡಿಕೇಟ್ ಬ್ಯಾಂಕಿನಲ್ಲಿ ಮ್ಯಾನೇಜರ್ ಹುದ್ದೆಯವರೆಗೆ ಏರಿದವರು ಅವರು. ನನ್ನ ಬ್ಯಾಂಕು ಬೇರೆ, ಆದರೆ ಕೆಲಸ ಒಂದೇ. ನಮ್ಮ ಹುಡುಗ ಹೊರಗೆ ಕೂತು “ಹೆಂಗೈತೆ” ಎಂದು ಕೇಳಿದ ಜಾಗದ ಒಳಗೆ ಇವರು ಕೂತಿದ್ದರು.

ಅವರ ಕಥೆ ಕೇಳಿ. ಹುಟ್ಟಿದ್ದು 1958ರ ಜುಲೈ 6ರಂದು, ಬೆಂಗಳೂರಿನಲ್ಲಿ. ತಂದೆಯದು ಒಂದು ಸಣ್ಣ ಹೋಟೆಲು. ಮನೆಯಲ್ಲಿ ನಾಲ್ಕು ಮಕ್ಕಳು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಜ್ವರ ಬಂತು, ಇಡೀ ಮೈ ಸ್ವಾಧೀನ ತಪ್ಪಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ವಿದ್ಯುತ್ ಚಿಕಿತ್ಸೆ ಕೊಡಿಸಿದ ಮೇಲೆ ಸೊಂಟದ ಮೇಲಿನ ಭಾಗಕ್ಕೆ ಬಲ ಬಂತು. ಕೆಳಗೆ ಬರಲಿಲ್ಲ. ಮುಂದೆ ಮದ್ರಾಸಿನ ಈಶ್ವರಿ ಪ್ರಸಾದ್ ದತ್ತಾತ್ರೇಯ ಆರ್ಥೊಪೆಡಿಕ್ ಕೇಂದ್ರಕ್ಕೆ ಸೇರಿಸಿದರು. ಅಲ್ಲಿ 15 ವರ್ಷ. ಜೀವನದಲ್ಲಿ ಅವರಿಗೆ ಆದ ಶಸ್ತ್ರಚಿಕಿತ್ಸೆಗಳು 30ಕ್ಕೂ ಹೆಚ್ಚು. ಅಪ್ಪ ಅಮ್ಮನನ್ನು ಬಿಟ್ಟು ದೂರದೂರಿನಲ್ಲಿ 15 ವರ್ಷ ಎಂದರೆ, ಮಕ್ಕಳೇ, ನಿಮ್ಮಲ್ಲಿ ಬಹಳ ಜನರ ಈಗಿನ ವಯಸ್ಸಿಗಿಂತ ಹೆಚ್ಚು.

ಆದರೆ ಅಲ್ಲಿ ಚಿಕಿತ್ಸೆಯ ಜೊತೆಗೆ ಪಾಠವೂ ಇತ್ತು, ಆಟವೂ ಇತ್ತು. ಕಾಲು ಇಲ್ಲದಿದ್ದರೇನು, ತೋಳು ಇದೆಯಲ್ಲ? ಗುಂಡು ಎಸೆತ, ಡಿಸ್ಕಸ್, ಜಾವೆಲಿನ್, ಗಾಲಿಕುರ್ಚಿಯ ಓಟ ಎಲ್ಲಕ್ಕೂ ಇಳಿದರು. ಕುರ್ಚಿಯನ್ನು ನೆಲಕ್ಕೆ ಬಿಗಿದು ಕಟ್ಟಿ, ಬರೀ ತೋಳು, ಭುಜದ ಬಲದಿಂದ ಎಸೆಯಬೇಕು. ನೀವೊಮ್ಮೆ ಕುರ್ಚಿಯಲ್ಲಿ ಕೂತು, ಕಾಲು ಊರದೆ ಚೆಂಡು ಎಸೆದು ನೋಡಿ, ಎಷ್ಟು ದೂರ ಹೋಗುತ್ತದೆ ಎಂದು. 1988ರಲ್ಲಿ ಸೋಲ್‌ ಪ್ಯಾರಾಲಿಂಪಿಕ್ಸ್‌ಗೆ ಹೋದರು. 1989ರಲ್ಲಿ ಡೆನ್ಮಾರ್ಕಿನ ವರ್ಲ್ಡ್ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ 200 ಮೀಟರ್ ಓಟ, ಗುಂಡು ಎಸೆತ, ಡಿಸ್ಕಸ್, ಜಾವೆಲಿನ್ ನಾಲ್ಕರಲ್ಲೂ ಚಿನ್ನ. ಒಟ್ಟು ಪದಕಗಳು 300ಕ್ಕೂ ಹೆಚ್ಚು. 1995ರ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ.

ಪದಕಗಳ ಪಟ್ಟಿ ಓದಿ ನಾನು ತಲೆದೂಗಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಟ್ಟಿಯ ನಂತರದ ಸಂಗತಿ. ಅವರು ಗೆಳೆಯರ ಜೊತೆ ಸೇರಿ ಬೆಂಗಳೂರಿನಲ್ಲಿ ‘ಮಾತೃ ಫೌಂಡೇಷನ್’ ಎಂಬ ದತ್ತಿ ಸಂಸ್ಥೆ ಕಟ್ಟಿದರು. ಅಂಗವೈಕಲ್ಯವಿರುವ ಮಕ್ಕಳಿಗೆ ಅದು ಮನೆ. ಅದರಲ್ಲೂ ಹಳ್ಳಿಯ ಬಡ ಮಕ್ಕಳು, ಪೋಲಿಯೊ ಆದವರು, ಚಿಕಿತ್ಸೆಗೂ ಓದಿಗೂ ದುಡ್ಡಿಲ್ಲದ ಮನೆಯವರು. 16 ಮಕ್ಕಳು ಅಲ್ಲಿ ಮನೆಮಕ್ಕಳಂತೆ ಬೆಳೆಯುತ್ತಿದ್ದ ಕಾಲವುಂಟು.

ಹುಣಿಸೆಹಣ್ಣಿನ ತಾಯಿಯ ಮಗನಿಗೂ ಮಾಲತಿಯವರಿಗೂ ಕಾಯಿಲೆ ಒಂದೇ. ಬುದ್ಧಿಯಲ್ಲಿ ಅವನೇನೂ ಕಡಿಮೆ ಇರಲಿಲ್ಲ. ಇವರಿಗೆ ಚಿಕ್ಕಂದಿನಲ್ಲೇ ಒಂದು ಸಂಸ್ಥೆ ಬಾಗಿಲು ತೆಗೆಯಿತು. ಅವನಿಗೆ ಯಾವ ಬಾಗಿಲೂ ತೆಗೆಯಲಿಲ್ಲ. ತನಗೆ ಸಿಕ್ಕಿದ್ದು ಇನ್ನೊಂದು ಮಗುವಿಗೂ ಸಿಗಲಿ ಎಂದೇ ಮಾಲತಿಯವರು ಆ ಮನೆ ಕಟ್ಟಿದ್ದು ಎಂದು ನಾನು ತಿಳಿದಿದ್ದೇನೆ.

ಅವರೊಬ್ಬರೇ ಅಲ್ಲ. ಬೆಂಗಳೂರಿನ ‘ದಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಸಂಸ್ಥೆಯನ್ನು, ಜನರ ಬಾಯಲ್ಲಿ ಎಪಿಡಿ, 1959ರಲ್ಲಿ ಕಟ್ಟಿದ ಎನ್. ಎಸ್. ಹೇಮಾ ಅವರೂ ಗಾಲಿಕುರ್ಚಿಯಲ್ಲೇ ಓಡಾಡಿದವರು. 1997ರಲ್ಲಿ ಶುರುವಾದ ಸಮರ್ಥನಂ ಸಂಸ್ಥೆಯ ಮಹಾಂತೇಶ ಕಿವಡಸಣ್ಣವರ ಅವರಿಗೆ ಕಣ್ಣು ಕಾಣುವುದಿಲ್ಲ. 2012ರಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ಬೆಂಗಳೂರಿನಲ್ಲೇ ನಡೆದದ್ದು ಈ ಸಂಸ್ಥೆಯ ಮುತುವರ್ಜಿಯಿಂದ. ಗಲಗಲ ಸದ್ದು ಮಾಡುವ ಚೆಂಡಿನಲ್ಲಿ ಆಡಿದ ಆ ಪಂದ್ಯಾವಳಿಯನ್ನು ಭಾರತವೇ ಗೆದ್ದಿತು. ಕೆಳಗಿನ ಮೆಟ್ಟಿಲ ಮೇಲೆ ಕೂತು ಗೊತ್ತಿದ್ದವರೇ ಇಂಥ ಸಂಸ್ಥೆಗಳನ್ನು ಕಟ್ಟಿದರು. ಮೇಲೆ ನಿಂತಿದ್ದ ನನ್ನಂಥವರಿಗೆ ಮೆಟ್ಟಿಲು ಕಂಡೇ ಇರಲಿಲ್ಲ.

16 ಮಕ್ಕಳು ಎಂದರೆ ಕಡಿಮೆ ಎಂದುಕೊಳ್ಳಬೇಡಿ. ಗುಮಾಸ್ತನ ಬುದ್ಧಿ, ನಾನು ಖರ್ಚಿನ ಬಾಬ್ತುಗಳನ್ನು ಪಟ್ಟಿ ಮಾಡಿ ನೋಡಿದೆ. ಮೂರು ಹೊತ್ತಿನ ಊಟ, ಬಟ್ಟೆ, ಶಾಲೆಯ ಫೀಸು. ಶಾಲೆಗೆ ಬಿಟ್ಟು ಕರೆತರುವ ವಾಹನ. ಆಸ್ಪತ್ರೆ, ವ್ಯಾಯಾಮ ಮಾಡಿಸುವ ಫಿಸಿಯೊಥೆರಪಿಸ್ಟ್. ಸ್ನಾನಕ್ಕೆ, ಶೌಚಕ್ಕೆ ಎತ್ತಿ ಕೂರಿಸುವ ಆಯಾ. ಇನ್ನು ಕಾಲಿಗೆ ಕಟ್ಟುವ ಕ್ಯಾಲಿಪರ್. ನಿಮಗೆ ಹಳೆಯ ಚಪ್ಪಲಿ ಚಿಕ್ಕದಾಗುತ್ತದಲ್ಲ, ಹಾಗೇ ಬೆಳೆಯುವ ಮಗುವಿಗೆ ಕ್ಯಾಲಿಪರ್ರೂ ಚಿಕ್ಕದಾಗುತ್ತದೆ, ಗಾಲಿಕುರ್ಚಿಯೂ ಸಾಲುವುದಿಲ್ಲ. ಹೊಸದು ಮಾಡಿಸಬೇಕು. ಈ ಖರ್ಚು ಒಂದು ತಿಂಗಳಿಗೆ ಮುಗಿಯುವುದಿಲ್ಲ, ಮಗು ತನ್ನ ಕಾಲದ ಮೇಲೆ ತಾನು ನಿಲ್ಲುವವರೆಗೆ ನಡೆಯುತ್ತದೆ. ಆದ್ದರಿಂದ ಹಬ್ಬಕ್ಕೊಮ್ಮೆ ಹೋಗಿ ಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ, ಸಣ್ಣದಾದರೂ ತಿಂಗಳು ತಪ್ಪದೆ ಕಳಿಸುವ ಹಣ ಅವರಿಗೆ ಹೆಚ್ಚು ಅನುಕೂಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು. ಈಗ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿದೆ. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ಬ್ಯಾಂಕಿನವರು ದಿನವೂ ನಿಮ್ಮ ಮನೆ ಬಾಗಿಲಿಗೇ ಬಂದು ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದರು. ಬ್ಯಾಂಕಿಗೆ ಬರಲಾಗದವರ ಹತ್ತಿರ ಬ್ಯಾಂಕೇ ಹೋಗಬೇಕು ಎಂಬ ಬುದ್ಧಿ ಅಷ್ಟು ಹಿಂದೆಯೇ ನಮ್ಮ ಕರಾವಳಿಯವರಿಗೆ ಹೊಳೆದಿತ್ತು. ದಾನಕ್ಕೂ ಪಿಗ್ಮಿಯ ಲೆಕ್ಕವೇ ಸರಿ. ದಿನಕ್ಕೆ ಸ್ವಲ್ಪ, ಆದರೆ ತಪ್ಪದೆ.

ಹಿರಿಯರಿಗೆ ಒಂದು ಕಿವಿಮಾತು. ಒಳ್ಳೆಯ ಸಂಸ್ಥೆಗಳ ನಡುವೆ ಬರೀ ರಸೀದಿ ಪುಸ್ತಕ ಹಿಡಿದು ಬರುವವರೂ ಇದ್ದಾರೆ. ಕೊಡುವ ಮೊದಲು ಟ್ರಸ್ಟ್ ನೋಂದಣಿ ಆಗಿದೆಯೇ, ಲೆಕ್ಕಪತ್ರ ಪ್ರತಿವರ್ಷ ಆಡಿಟ್ ಆಗುತ್ತದೆಯೇ ಕೇಳಿ. ಕೇಳಿದರೆ ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ಚೆಕ್ಕಿನಲ್ಲೋ ಬ್ಯಾಂಕ್ ಖಾತೆಗೋ ಕೊಡಿ. 80ಜಿ ಅಡಿಯಲ್ಲಿ ಆದಾಯ ತೆರಿಗೆ ವಿನಾಯಿತಿ ಬೇಕಿದ್ದರೆ, 2000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದು ಸಿಗುವುದಿಲ್ಲ. ಸಾಧ್ಯವಾದರೆ ಒಮ್ಮೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ಹೋದಾಗ “ಅಯ್ಯೋ ಪಾಪ” ಎನ್ನಬೇಡಿ. ಅಲ್ಲಿನ ಮಕ್ಕಳು ಅದನ್ನು ಸಾಕಷ್ಟು ಕೇಳಿರುತ್ತಾರೆ. ಕೇರಂ ಬೋರ್ಡ್ ಇದ್ದರೆ ಕೂತು ಒಂದಾಟ ಆಡಿ. ಸೋಲುವುದಕ್ಕೂ ಸಿದ್ಧರಾಗಿರಿ.

ಇಷ್ಟು ಹೇಳಿದ ಮೇಲೆ ಮೊಮ್ಮಗಳು ಕೇಳಿದಳು: “ಹಂಗಾದ್ರೆ ಎಲ್ಲ ಮಕ್ಕಳನ್ನೂ ಅಲ್ಲಿಗೇ ಕಳಿಸಬೇಕಾ ತಾತ? ಅವರಿಗೆ ಅಮ್ಮ ಬೇಡ್ವಾ?”

ಸರಿಯಾದ ಪ್ರಶ್ನೆ. ಪೋಲಿಯೊ ಹೋಯಿತು, ಆದರೆ ಅಂಗವೈಕಲ್ಯ ಹೋಗಿಲ್ಲ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾದ ಮಕ್ಕಳಿದ್ದಾರೆ. ಕಿವಿ ಕೇಳದವರು, ಕಣ್ಣು ಕಾಣದವರು, ಕಲಿಯಲು ಹೆಚ್ಚು ಹೊತ್ತು ಬೇಕಾದವರು ಇದ್ದಾರೆ. 1995ರ ಕಾನೂನು 7 ಬಗೆಯ ಅಂಗವೈಕಲ್ಯ ಎಂದು ಲೆಕ್ಕ ಹಾಕಿತ್ತು. 2016ರ ಹೊಸ ಕಾಯ್ದೆಯಲ್ಲಿ 21 ಬಗೆ. ಎಲ್ಲರೂ ಬೆಂಗಳೂರಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. 40 ಶೇಕಡಾಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಮನೆಯ ಹತ್ತಿರದ ಶಾಲೆಯಲ್ಲೋ, ಬೇಕೆಂದರೆ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಎಂದು ಆ ಕಾಯ್ದೆ ಹೇಳುತ್ತದೆ. ಇದು ದಾನವಲ್ಲ, ಮಗುವಿನ ಹಕ್ಕು.

ಆದರೆ ಹಕ್ಕು ಕಾಗದದಲ್ಲಿದ್ದು ಮಗು ಒಳಮನೆಯಲ್ಲಿದ್ದರೆ ಏನು ಬಂತು? ನಮ್ಮ ಕಡೆ ಇವತ್ತಿಗೂ ನೆಂಟರು ಬಂದರೆ ಅಂಥ ಮಗುವನ್ನು ಒಳಗೆ ಕಳಿಸುವ ಮನೆಗಳಿವೆ. “ಶಾಲೆಗೆ ಹೋಗಿ ಏನು ಮಾಡಬೇಕು” ಎನ್ನುವ ಮಾತು ಹೆಚ್ಚಾಗಿ ಬರುವುದು ನಮ್ಮ ವಯಸ್ಸಿನವರ ಬಾಯಿಂದಲೇ. ಅಜ್ಜ ಅಜ್ಜಿಯರೇ, ಮನೆಯಲ್ಲಿ ನಮ್ಮ ಮಾತಿಗೆ ಇನ್ನೂ ಬೆಲೆ ಇದ್ದರೆ ಅದನ್ನು ಇದಕ್ಕೆ ಬಳಸೋಣ. ಮಗುವಿಗೆ ಯುಡಿಐಡಿ ಕಾರ್ಡ್ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಿದರೆ ಅರ್ಜಿ, ಮಾಸಾಶನ, ಸಾಧನ ಸಲಕರಣೆ ಎಲ್ಲದಕ್ಕೂ ದಾರಿ ಹೇಳುತ್ತಾರೆ. ಶಾಲೆಗೆ ಬರಲು ಆಗದಷ್ಟು ತೊಂದರೆ ಇರುವ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯೂ ಉಂಟು. ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ.

ಇನ್ನು ಮೆಟ್ಟಿಲಿನ ಲೆಕ್ಕ. ಇದು ಮಕ್ಕಳಿಗೆ.

ಇಳಿಜಾರು ಎಷ್ಟು ಉದ್ದ ಇರಬೇಕು? ಸೂತ್ರ ಬಹಳ ಸುಲಭ: ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ. ಒಂದಕ್ಕೆ ಹನ್ನೆರಡು ಎನ್ನುತ್ತಾರೆ. ನಮ್ಮ ಹಳೆಯ ಶಾಖೆಯ ಮೆಟ್ಟಿಲು ಒಂದೊಂದೂ 6 ಅಂಗುಲ ಎಂದು ಇಟ್ಟುಕೊಳ್ಳಿ. 4 ಮೆಟ್ಟಿಲಿಗೆ 24 ಅಂಗುಲ. ಹಾಗಾದರೆ ಇಳಿಜಾರು 24 ಅಡಿ ಉದ್ದ ಬೇಕು. ಬಹಳ ಕಡೆ ನೋಡಿದ್ದೇನೆ, ಎರಡಡಿ ಎತ್ತರಕ್ಕೆ ಐದಾರು ಅಡಿಯಲ್ಲಿ ಮುಗಿಸಿಬಿಟ್ಟಿರುತ್ತಾರೆ. ಅದು ಇಳಿಜಾರಲ್ಲ, ಜಾರುಬಂಡೆ. ಗಾಲಿಕುರ್ಚಿಯವರು ಹತ್ತಲಾರರು, ಇಳಿದರೆ ಬೀಳುತ್ತಾರೆ. ಪಕ್ಕದಲ್ಲಿ ಹಿಡಿಯಲು ಕಂಬಿ ಬೇಕು, ನೆಲ ನುಣುಪಾಗಿರಬಾರದು.

ಬ್ಯಾಂಕುಗಳಿಗೂ ಎಟಿಎಂಗಳಿಗೂ ಇಳಿಜಾರು ಇರಬೇಕೆಂದು ಈಗ ರಿಸರ್ವ್ ಬ್ಯಾಂಕೇ ಹೇಳಿದೆ. ನಿವೃತ್ತನಾದ ಮೇಲೆ ಒಮ್ಮೆ ಆ ಪೇಟೆಯ ಮೇಲೆ ಹಾದು ಹೋಗುವಾಗ ಬಸ್ಸಿಳಿದು ನಮ್ಮ ಹಳೆಯ ಶಾಖೆ ನೋಡಿ ಬಂದೆ. ಇಳಿಜಾರು ಕಟ್ಟಿದ್ದರು. ಅದರ ಮೇಲೆ ಮೂರು ಬೈಕು ನಿಂತಿದ್ದವು. ಮೆಟ್ಟಿಲು ಹತ್ತಿ ಒಳಗೆ ಹೋಗಿ ನೋಡಿದೆ. ಜಾಲರಿ ಇಲ್ಲ, ಹಸಿರು ಪರದೆ ಇಲ್ಲ, ಎಲ್ಲ ಗಾಜು. ಅವನು ಈಗ ಕೇಳಿದರೆ ಬೇರೆಯೇ ಉತ್ತರ ಕೊಡಬೇಕು. ಹೊರಗೆ ಬಂದು ಬೈಕಿನವರನ್ನು ಹುಡುಕಿ ತೆಗೆಸಿದೆ. ಒಬ್ಬ ಹುಡುಗ, “ಯಾರೂ ಬರಲ್ಲ ಬಿಡಿ ಯಜಮಾನ್ರೆ ಇದರ ಮೇಲೆ” ಅಂದ. ದಾರಿ ಮುಚ್ಚಿಟ್ಟು ಯಾರೂ ಬರಲ್ಲ ಎಂದರೆ ಹೇಗಪ್ಪಾ ಎಂದೆ. ನಾಲ್ವತ್ತು ವರ್ಷದ ಹಿಂದೆ ನಾನು ಅವನಿಗಿಂತ ಬೇರೆಯಾಗಿ ಯೋಚಿಸಿರಲಿಲ್ಲ.

ಮೊಮ್ಮಗಳಿಗೆ ಸೂತ್ರ ಸಿಕ್ಕಿದ್ದೇ ತಡ, ಅಜ್ಜಿಯ ಹೊಲಿಗೆಯ ಟೇಪು ಹಿಡಿದು ಹೊರಟಳು. ಮೊದಲು ಅಳೆದದ್ದು ನಮ್ಮ ಮನೆಯನ್ನೇ. ಎರಡು ಮೆಟ್ಟಿಲು, ಒಟ್ಟು 14 ಅಂಗುಲ. ಹಾಗಾದರೆ 14 ಅಡಿ ಬೇಕು. ಬಾಗಿಲಿಂದ ಗೇಟಿಗೆ ಇರುವುದು 9 ಅಡಿ. “ಐದಡಿ ಸಾಲಲ್ಲ ತಾತ” ಎಂದು ಮುಖ ಸಣ್ಣ ಮಾಡಿದಳು. ಗಾರೆ ಕೆಲಸದವರನ್ನು ಕರೆಸಿದೆ. ಅವರು ಅಂಗಳ ನೋಡಿ, “ತುಳಸಿಕಟ್ಟೆ ಪಕ್ಕಕ್ಕೆ ತಿರುಗಿಸಿದ್ರಾಯ್ತು, ತಿರುವಿನಲ್ಲಿ ಒಂದು ಸಮತಟ್ಟು ಕೊಡೋಣ” ಎಂದರು.

ಅಜ್ಜಿ, “ನಮ್ಮನೇಲಿ ಯಾರಿದ್ದಾರೆ ಅಂತ ಇದು?” ಎಂದಳು. ಹಾಗೆ ಕೇಳುವಾಗ ಅವಳು ಒಂದು ಕೈಯಲ್ಲಿ ಬಾಗಿಲ ಚೌಕಟ್ಟು, ಇನ್ನೊಂದರಲ್ಲಿ ನೋಯುವ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದಳು. ನಾನು ಉತ್ತರ ಹೇಳಲು ಹೋಗಲಿಲ್ಲ. ಅವಳಿಗೇ ನಗು ಬಂತು.

ಈ ವಾರ ನಿಮಗೊಂದು ಕೆಲಸ, ಮಕ್ಕಳೇ. ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದುಕೊಂಡು, ನಿಮ್ಮ ಶಾಲೆ, ಗ್ರಂಥಾಲಯ, ಪಂಚಾಯಿತಿ ಕಚೇರಿ, ಅಂಚೆ ಕಚೇರಿ ಇವುಗಳ ಮೆಟ್ಟಿಲು ಅಳೆಯಿರಿ. ಎಷ್ಟು ಅಂಗುಲ ಎತ್ತರ, ಎಷ್ಟು ಅಡಿ ಇಳಿಜಾರು ಬೇಕು, ಎಷ್ಟು ಇದೆ, ಅದರ ಮೇಲೆ ಏನು ನಿಂತಿದೆ ಎಂದು ನೋಟ್ ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿ ಬರೆಯಿರಿ. ಬರೆದದ್ದನ್ನು ಮುಖ್ಯ ಶಿಕ್ಷಕರಿಗೆ, ಪಂಚಾಯಿತಿಯವರಿಗೆ ಕೊಡಿ. ಒಂದು ಪ್ರತಿ ನನಗೂ ಕಳಿಸಿ. ನಿಮ್ಮ ತರಗತಿಯಲ್ಲಿ ನಡೆಯಲಾಗದ ಗೆಳೆಯನೋ ಗೆಳತಿಯೋ ಇದ್ದರೆ ಮೊದಲು ಅವರನ್ನೇ ಕೇಳಿ, ಎಲ್ಲಿ ಕಷ್ಟ ಎಂದು. ಅವರಿಗೆ ಗೊತ್ತಿರುವಷ್ಟು ಇಂಜಿನಿಯರಿಗೂ ಗೊತ್ತಿರುವುದಿಲ್ಲ. ಅವರನ್ನು ಅವರ ಹೆಸರಿನಿಂದಲೇ ಕರೆಯಿರಿ.

ಆ ಹುಡುಗನ ಹೆಸರು ನನಗೆ ನೆನಪಿಲ್ಲ. ಅವನ ತಾಯಿಯ ಖಾತೆಯ ನಂಬರು ಮಾತ್ರ ಇವತ್ತಿಗೂ ನೆನಪಿದೆ.